ದೊಡ್ಡಾಕಿ, ಸಣ್ಣಾಕಿ ಮತ್ತು ಅರ್ಧ ಮಾರ್ಕಿನ ಮೇಷ್ಟ್ರು

ಕಾರಿನ ಮುಂದಿನ ಸೀಟಿನಲ್ಲಿ ಕುಳಿತ ಕೂಡಲೇ ನನ್ನ ಕೈ ತಾನಾಗಿಯೇ ಹೆಗಲ ಮೇಲಿನ ಟವೆಲ್ಲಿಗೆ ಹೋಗುತ್ತದೆ. ಅದನ್ನು ತಲೆಗೆ ಸುತ್ತಿ, ಎರಡು ತುದಿಗಳನ್ನು ಗದ್ದದ ಕೆಳಗೆ ತಂದು ಗಂಟು ಹಾಕಿದ ಮೇಲೆಯೇ ನನಗೆ ಪ್ರಯಾಣ ಶುರುವಾಯಿತು ಅನ್ನಿಸುವುದು. ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಒಳಗೆ ಏಸಿ ಓಡುತ್ತಿರುತ್ತದೆ, ಹೊರಗಿನ ಗಾಳಿ ಒಳಗೆ ಬರುವ ದಾರಿಯೇ ಇರುವುದಿಲ್ಲ. ಆದರೂ ಗಂಟು ಬೀಳಲೇಬೇಕು. ಮೊನ್ನೆ ಮಗಳು ಹಿಂದಿನ ಸೀಟಿನಿಂದ ಬಗ್ಗಿ ನೋಡಿ, “ಅಪ್ಪಾ, ಹಲ್ಲು ನೋವೇನು?” ಎಂದಳು. ಅಳಿಯ ಏಸಿ ಕಡಿಮೆ ಮಾಡಿದ. ಅವರಿಬ್ಬರಿಗೂ ನಾನು ಏನೂ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ನಿಮಗೆ ಅವಸರ ಇರಲಿಕ್ಕಿಲ್ಲ.

ಈ ಅಭ್ಯಾಸ ಅಂಟಿದ್ದು ಮೇಲೆ ಗಟ್ಟಿ ಮುಚ್ಚಿಗೆಯಿಲ್ಲದ ಎರಡು ಕಾರುಗಳಿಂದ. ಕಾರುಗಳು ನನ್ನವಲ್ಲ. ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ಭೂಗೋಳ ಹೇಳುತ್ತಿದ್ದವನು. ಜೀವಮಾನದಲ್ಲಿ ನಡೆಸಿದ ಅತಿ ದೊಡ್ಡ ವಾಹನ ಒಂದು ಮೊಪೆಡ್ಡು, ಅದನ್ನೂ ಏರು ಬಂದರೆ ತುಳಿಯಬೇಕಾಗುತ್ತಿತ್ತು. ಅಂಥವನು ಇಂಗ್ಲೆಂಡಿನ ಎರಡು ಸ್ಪೋರ್ಟ್ಸ್ ಕಾರುಗಳ ನಡುವೆ ನ್ಯಾಯ ಹೇಳಲು ಕುಳಿತೆ. ನ್ಯಾಯ ಚೆನ್ನಾಗಿಯೇ ಹೇಳಿದೆ ಎಂದು ಕೆಲವು ದಿನ ನಂಬಿಕೊಂಡೂ ಇದ್ದೆ.

ಅವು ಕಬ್ಬಿಣದ ಅದಿರಿನ ಗಣಿಗಳ ಉಬ್ಬರದ ವರ್ಷಗಳು. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿನ ಕಡೆ ಹೊರಟಿದ್ದವು. ಹೊಸಪೇಟೆಯಲ್ಲಿ ರಸ್ತೆಯ ಆ ಕಡೆಯ ಅಂಗಡಿಗೆ ಹೋಗಬೇಕಾದರೂ ಮನೆಯಲ್ಲಿ ಹೇಳಿಯೇ ಹೊರಡಬೇಕು, ಅಷ್ಟು ಲಾರಿ. ಎಲ್ಲದರ ಮೇಲೂ ಕೆಂಪು ಧೂಳು. ಯಶವಂತನಗರದ ಕಡೆಗಂತೂ ಬೇವಿನ ಮರ, ಬೀದಿ ನಾಯಿ, ಕಂಪನಿ ಬಸ್ಸಿಗೆ ಕಾದು ನಿಂತವರ ಹುಬ್ಬು, ಎಲ್ಲವೂ ಒಂದೇ ಬಣ್ಣ. ಬಿಳಿ ಕಾರು ಎಂಬುದು ನಮ್ಮಲ್ಲಿ ರಿಜಿಸ್ಟ್ರೇಶನ್ ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. ನನ್ನ ಹೆಂಡತಿ ಪದ್ಮಾ ನನ್ನ ಪಂಚೆಗಳನ್ನು ಉಜ್ಜಿ ಉಜ್ಜಿ ಸೋತು, ಕೊನೆಗೆ ನೀರಿನಲ್ಲಿ ಅದ್ದಿ ತೆಗೆದು, “ಇದರ ಹಣೇಬರ ಇಷ್ಟ” ಎಂದು ತಂತಿಯ ಮೇಲೆ ಹಾಕಿಬಿಡುತ್ತಿದ್ದಳು.

ಅಂಥ ಊರಿನಲ್ಲಿ ತೆರೆದ ಕಾರು ಕೊಳ್ಳುವ ಯೋಚನೆ ತಲೆ ನೆಟ್ಟಗಿರುವವರಿಗೆ ಬರುವಂಥದ್ದಲ್ಲ. ಬಂದದ್ದು ಪಂಪಣ್ಣನವರಿಗೆ. ಕಂಪ್ಲಿ ಕಡೆ ಭತ್ತ, ಕಬ್ಬು ಬೆಳೆಯುತ್ತಿದ್ದ ಮನೆತನ ಅವರದು. ಅದಿರು ಸಾಗಿಸಲು ಒಂದು ಲಾರಿ ಬಿಟ್ಟರು, ಲಾರಿ ಮರಿ ಹಾಕಿತು, ಮರಿಗಳು ಮತ್ತೆ ಮರಿ ಹಾಕಿದವು, ಪಂಪಣ್ಣನವರು ಹೊಸಪೇಟೆಯಲ್ಲಿ ಮನೆ ಕಟ್ಟಿಸಿದರು. ಉಳಿದ ಲಾರಿ ಮಾಲೀಕರು ಆನೆ ಗಾತ್ರದ ಹೊಸ ಗಾಡಿ ತರುತ್ತಿದ್ದಾಗ ಇವರು ಸಂಡೂರಿನ ಕಡೆಯ ಹಳೇ ಬಂಗಲೆಯೊಂದರ ಹಿತ್ತಿಲಿನಿಂದ ಕೋಳಿ ಮೊಟ್ಟೆಯಿಡುತ್ತಿದ್ದ ಒಂದು ಕಾರನ್ನು ಎಳೆಸಿಕೊಂಡು ಬಂದರು. ಅರವತ್ತರ ದಶಕದ್ದು. ಹಸಿರು ಬಣ್ಣ ಎಂದು ನಾವು ಊಹಿಸಿದೆವು. ಕೋಳಿಗಳು ಮಾತ್ರ ಜಾಗ ಬಿಡಲು ಸಿದ್ಧವಿರಲಿಲ್ಲ, ಒಂದು ಹೊಸಪೇಟೆಯವರೆಗೂ ಸೀಟಿನಲ್ಲೇ ಕೂತು ಬಂತಂತೆ.

ಅದು ರಿಪೇರಿಯಾಗಿ ರಸ್ತೆಗೆ ಇಳಿಯಲು ಮೂರು ವರ್ಷ ಹಿಡಿಯಿತು. ಅಷ್ಟು ದಿನ ತಡೆಯಲಾರದೆ ಪಂಪಣ್ಣನವರು ನಡುವೆ ಮುಂಬೈಯಿಂದ ಇನ್ನೊಂದನ್ನು ತರಿಸಿದರು. ಅದೇ ಕಂಪನಿ, ಅದೇ ಹೆಸರು, ಆದರೆ ಮೂವತ್ತು ವರ್ಷ ಕಿರಿಯದು, ಕೆಂಪು ಬಣ್ಣದ್ದು. ತೊಂಬತ್ತರ ದಶಕದ ಆ ಕಾರನ್ನು ಹಳೆಯದರ ಪಕ್ಕ ನಿಲ್ಲಿಸಿದರೆ ಮೂಗಿನಲ್ಲಿ, ಕಣ್ಣಿನಲ್ಲಿ ಹೋಲಿಕೆ ಇತ್ತು. ಎರಡೂ ಎರಡೇ ಸೀಟಿನವು, ಎರಡಕ್ಕೂ ಮೇಲೆ ಬೇಕಾದಾಗ ಹಾಕಿ ತೆಗೆಯುವ ಬಟ್ಟೆಯ ಮುಚ್ಚಿಗೆ. ಪಂಪಣ್ಣನವರ ಹೆಂಡತಿ ಶಾಂತಮ್ಮನವರು ಮನೆಗೆ ಬಂದವರಿಗೆಲ್ಲ, “ಬರ್ರಿ, ಕುಂದ್ರಿ. ನನಗ ಇಬ್ಬರು ಸವತೇರನ್ನ ತಂದಾರ, ನೋಡಿದ್ರಿ?” ಎಂದು ಅಂಗಳ ತೋರಿಸುತ್ತಿದ್ದರು.

ತೆರೆದ ವಾಹನದ ವಿಷಯದಲ್ಲಿ ನಮ್ಮ ಮನೆತನಕ್ಕೆ ಮೊದಲಿನಿಂದಲೂ ಒಂದು ಅಳುಕಿದೆ. ನಮ್ಮಪ್ಪ ಡ್ಯಾಮಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಒಮ್ಮೆ ಇಂಜಿನಿಯರೊಬ್ಬರು ತಮ್ಮ ಮುಚ್ಚಿಗೆಯಿಲ್ಲದ ಜೀಪಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಅಣೆಕಟ್ಟಿನ ಮೇಲೆ ಹೊರಟರು. ಅರ್ಧ ದಾರಿಯಲ್ಲಿ ಗಾಳಿ ಬಂದು ಅಪ್ಪನ ಜರಿಯಂಚಿನ ಉತ್ತರೀಯವನ್ನು ಎತ್ತಿಕೊಂಡು ಹೋಯಿತು. ಅದು ಮಾವನವರು ಮದುವೆಯಲ್ಲಿ ಹೊದಿಸಿದ್ದು. ತುಂಗಭದ್ರೆಯ ಮೇಲೆ ಅದು ತೇಲುತ್ತಾ ಹೋದದ್ದನ್ನು ಅಪ್ಪ ನಿಂತು ನೋಡಿದರಂತೆ. ಆಮೇಲೆ ಅವರು ತೆರೆದ ವಾಹನ ಹತ್ತಲಿಲ್ಲ. “ಮ್ಯಾಲ ಮುಚ್ಚಿಗಿ ಇಲ್ಲದ್ದು ಗಾಡಿ ಅಲ್ಲ, ಊಟದ ತಾಟು” ಎನ್ನುತ್ತಿದ್ದರು. ನಮ್ಮನ್ನು ಹಂಪಿಗೆ ಕರೆದುಕೊಂಡು ಹೋಗುವಾಗಲೂ ಟಾಂಗಾದವನ ಹತ್ತಿರ ಮೊದಲು ವಿಚಾರಿಸುತ್ತಿದ್ದುದು ಕ್ಯಾನ್ವಾಸು ಗಟ್ಟಿಯಿದೆಯೋ ಇಲ್ಲವೋ ಎಂದೇ. ನಾವು ಮಕ್ಕಳಿಗೆ ಕ್ಯಾನ್ವಾಸಿನ ಬಿಸಿ ಎಣ್ಣೆ ವಾಸನೆ, ಕುದುರೆಯ ವಾಸನೆ, ಅಮ್ಮ ಕಟ್ಟಿಕೊಂಡ ಪುಳಿಯೋಗರೆಯ ವಾಸನೆ ಮೂರೂ ಸೇರಿದರೆ ಅದೇ ಹಂಪಿ. ಕಲ್ಲಿನ ರಥ ನೋಡಿದ ನೆನಪು ನನಗೆ ಅಷ್ಟಿಲ್ಲ.

ತೆರೆದ ಗಾಡಿ ಎಂದರೆ ನಮಗೆ ಸಿಗುತ್ತಿದ್ದದ್ದು ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಬಂಡಿ. ಹಿಂದಿನಿಂದ ಓಡಿ, ಒಂದು ಕಬ್ಬು ಹಿಡಿದು, ಎಳೆಯುವುದರೊಳಗೆ ಬಂಡಿಯವನ ಬಾರುಕೋಲು ಬೆನ್ನಿಗೆ ಬರುತ್ತಿತ್ತು. ನನಗೆ ಎಂದೂ ಕಬ್ಬು ಸಿಗಲಿಲ್ಲ, ಪೆಟ್ಟು ತಪ್ಪಲಿಲ್ಲ. ಕಾರಿನ ಮಾತು ಎಲ್ಲೋ ಹೋಯಿತು, ಕ್ಷಮಿಸಿ.

ಮೂರು ವರ್ಷ ಹಿಡಿದು ಆ ಹಳೇ ಕಾರಿಗೆ ಜೀವ ಕೊಟ್ಟವನು ಹುಲಿಗೆಪ್ಪ. ಸಂಡೂರು ರಸ್ತೆಯಲ್ಲಿ ಅವನದೊಂದು ಲಾರಿ ಗ್ಯಾರೇಜು. ನನಗಿಂತ ಹದಿನೈದು ವರ್ಷ ಚಿಕ್ಕವನು, ಮಾತು ಕಡಿಮೆ, ಕಿವಿ ಚುರುಕು. ಇಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಇಟ್ಟು ಇನ್ನೊಂದು ತುದಿಗೆ ಕಿವಿಗೊಟ್ಟು ಕಣ್ಣು ಮುಚ್ಚಿದನೆಂದರೆ ಸುತ್ತಲಿನವರು ಉಸಿರು ಬಿಗಿಹಿಡಿಯುತ್ತಿದ್ದರು. ಗಾಡಿಗಳನ್ನೆಲ್ಲ ಅವನು ಹೆಣ್ಣೆಂದೇ ಕರೆಯುತ್ತಿದ್ದ. ಹಾಗಾಗಿ ಹಳೆಯದು ದೊಡ್ಡಾಕಿಯಾಯಿತು, ಹೊಸದು ಸಣ್ಣಾಕಿ. ನಾವೂ ಹಾಗೇ ಕರೆಯತೊಡಗಿದೆವು. ಹೊರಗಿನವರು ಕೇಳಿದರೆ ಏನೆಂದುಕೊಂಡಾರು ಎಂಬ ವಿಚಾರ ಪದ್ಮಾ ಹೇಳುವವರೆಗೆ ನನಗೆ ಹೊಳೆದಿರಲಿಲ್ಲ.

ನಾನು ಈ ಕಥೆಯೊಳಗೆ ಬಂದದ್ದು ಇಂಗ್ಲಿಷಿನಿಂದ. ಎರಡು ಕಾರಿಗೂ ಒಂದೊಂದು ಕೈಪಿಡಿ ಇತ್ತು. ಅದನ್ನು ಓದಿ ಕನ್ನಡದಲ್ಲಿ ಹೇಳಲು ಒಬ್ಬರು ಬೇಕಾಗಿತ್ತು. ಭಾನುವಾರ ಬೆಳಿಗ್ಗೆ ಗ್ಯಾರೇಜಿನ ಟೈರಿನ ಮೇಲೆ ಕೂತು ನಾನು ಓದುವುದು, ಕಾರಿನ ಕೆಳಗೆ ಮಲಗಿದ ಹುಲಿಗೆಪ್ಪ ಹೂಂಗುಟ್ಟುವುದು. ನನಗೆ ಕಾಣುತ್ತಿದ್ದದ್ದು ಅವನ ಎರಡು ಪಾದ ಮಾತ್ರ. ಅರ್ಥವಾದರೆ ಹೆಬ್ಬೆರಳು ಅಲ್ಲಾಡುತ್ತಿತ್ತು, ಆಗದಿದ್ದರೆ ನಿಲ್ಲುತ್ತಿತ್ತು. ನನ್ನ ತರಗತಿಯಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ತಿಳಿಸಿದ್ದಿಲ್ಲ.

ದೊಡ್ಡಾಕಿಯ ಪುಸ್ತಕ ಎಲ್ಲವನ್ನೂ ಬಿಡಿಸಿ ಹೇಳುತ್ತಿತ್ತು. ಯಾವ ನಟ್ಟು ಎಷ್ಟು ಸುತ್ತು, ವಾಲ್ವಿನ ಸಂದು ಎಷ್ಟು, ಕಾರ್ಬೊರೇಟರಿಗೆ ಎಣ್ಣೆ ಎಲ್ಲಿ, ಎಲ್ಲಾ ಚಿತ್ರಸಮೇತ. ಸಣ್ಣಾಕಿಯ ಪುಸ್ತಕ ಅದರ ಎರಡರಷ್ಟು ದಪ್ಪ, ಆದರೆ ಎರಡು ಪುಟಕ್ಕೊಮ್ಮೆ “ನಮ್ಮ ಅಧಿಕೃತ ವರ್ಕ್‌ಶಾಪಿಗೆ ಒಯ್ಯಿರಿ” ಎನ್ನುತ್ತಿತ್ತು. ಹತ್ತಿರದ ವರ್ಕ್‌ಶಾಪು ಎಲ್ಲಿದೆ ಎಂದು ಹಿಂದಿನ ಪುಟದಲ್ಲಿ ಹುಡುಕಿದೆವು. ಸಮುದ್ರದ ಈಚೆಗೆ ಒಂದೂ ಇರಲಿಲ್ಲ.

ಹುಲಿಗೆಪ್ಪ ಕಾರಿನಡಿಯಿಂದ ಹೊರಗೆ ಬಂದು, “ಹಂಗಾರ ಇಷ್ಟು ದಪ್ಪ ಪುಸ್ತಕ ಯಾಕ ಕೊಟ್ಟಾರ್ರಿ ಸರ? ಒಂದು ಚೀಟಿ ಸಾಕಿತ್ತಲ್ಲ” ಎಂದ.

ಸಣ್ಣಾಕಿಯ ಹೊಟ್ಟೆಯೊಳಗೆ ಒಂದು ಕಂಪ್ಯೂಟರಿನ ಡಬ್ಬಿ ಇತ್ತು. ಅದನ್ನು ತೆರೆಯಕೂಡದು. ಹುಲಿಗೆಪ್ಪ ಅದರ ಮುಂದೆ ಹೋಗುವಾಗ, ಬೇರೆಯವರ ಮನೆಯ ದೇವರ ಕೋಣೆ ದಾಟುವವನಂತೆ ಸ್ವಲ್ಪ ಸರಿದು ಹೋಗುತ್ತಿದ್ದ. ದೊಡ್ಡಾಕಿಯಲ್ಲಿ ಅವನ ಕೈ ಹೋಗದ ಜಾಗವೇ ಇರಲಿಲ್ಲ. ಸ್ಟೀರಿಂಗಿನ ಮರದ ಬಳೆ ಕಂಪ್ಲಿಯ ಬಡಿಗೇರರೊಬ್ಬರು ಬಂಡಿಚಕ್ರ ಮಾಡುವ ಹದದಲ್ಲಿ ಮಾಡಿಕೊಟ್ಟದ್ದು. ಪಂಪಿನ ವಾಷರು ಚಪ್ಪಲಿಯ ಚರ್ಮದ್ದು. ಮುಚ್ಚಿಗೆ ಅದಿರು ಲಾರಿಗೆ ಹೊದಿಸುವ ತಾಡಪಾಲಿನ ಹೊಸ ತುಂಡಿನದು, ತಾಡಪಾಲು ಹೊಲಿಯುವವರೇ ಹೊಲಿದದ್ದು. ಬಟ್ಟೆಯ ಅಂಚಿಗೆ ಇಪ್ಪತ್ತಕ್ಕೂ ಹೆಚ್ಚು ಗುಂಡಿ, ಒಂದೊಂದನ್ನೂ ಕಾರಿನ ಮೈಗೆ ಒತ್ತಿ ಕೂರಿಸಬೇಕು.

“ಲಾರಿ ರಿಪೇರಿ ಮಾಡಿ ಕಳಿಸಿದ್ರ ಎಂಟು ದಿನಕ್ಕ ಮತ್ತ ಬಂದು ನಿಂದರತಾವ್ರಿ,” ಎಂದು ಒಮ್ಮೆ ಹೇಳಿದ. “ಇಪ್ಪತ್ತು ವರ್ಷ ಆತು, ಒಂದ ಕೆಲಸಾನೂ ಮುಗೀತು ಅನ್ನಂಗಿಲ್ಲ. ಇದೊಂದು ನೋಡ್ರಿ, ನಾನು ಪೂರ್ತಿ ಮಾಡಿದ್ದು.” ಹುಲಿಗೆಪ್ಪನಿಂದ ನಾನು ಕೇಳಿದ ಅತಿ ಉದ್ದದ ಮಾತು ಇದೇ.

ತೊಂದರೆ ಶುರುವಾದದ್ದು ತುಳಸಿ ಕಟ್ಟೆಯಿಂದ. ಅಂಗಳದಲ್ಲಿ ಕಟ್ಟೆಯ ಒಂದು ಕಡೆ ದೊಡ್ಡಾಕಿ, ಇನ್ನೊಂದು ಕಡೆ ಸಣ್ಣಾಕಿ. ಶಾಂತಮ್ಮನವರಿಗೆ ಪ್ರದಕ್ಷಿಣೆಗೆ ದಾರಿಯಿಲ್ಲ. ಆರು ತಿಂಗಳು ಅವರು ನಿಂತಲ್ಲೇ ತಿರುಗಿ ಕೈಮುಗಿದರು. ಒಂದು ದಿನ ಸೀರೆಯ ಸೆರಗು ಸಣ್ಣಾಕಿಯ ಕನ್ನಡಿಗೆ ಸಿಕ್ಕಿ ಆರತಿ ತಟ್ಟೆ ಬಿತ್ತು. “ಇಬ್ಬರಾಗ ಒಬ್ಬಾಕಿ ಇರಲಿ, ಇಲ್ಲಾ ನಾನು ಕಂಪ್ಲಿಗೆ ಹೊಕ್ಕೀನಿ” ಎಂದರು. ಪಂಪಣ್ಣನವರು ಗಣಿಯಲ್ಲಿ ಎಂಥೆಂಥವರಿಗೂ ಹೆದರದವರು, ಅವತ್ತೇ ಪುಣೆಗೆ ಫೋನು ಮಾಡಿದರು. ಅಲ್ಲಿ ಹಳೇ ಕಾರು ಕೂಡಿಡುವವರೊಬ್ಬರು ಎರಡರಲ್ಲಿ ಯಾವುದನ್ನು ಕೊಟ್ಟರೂ ಒಯ್ಯುತ್ತೇನೆ ಅಂದಿದ್ದರು.

ಯಾವುದನ್ನು ಕೊಡುವುದು? ಪಂಪಣ್ಣನವರಿಗೆ ಎರಡರ ಮೇಲೂ ಪ್ರೀತಿ ಅಷ್ಟೇ. ಅವರು ನನ್ನನ್ನು ಕರೆಸಿದರು.

“ಮೇಷ್ಟ್ರ, ನೀವು ಎರಡರಾಗೂ ಒಂದೊಂದು ಸಲ ಹೋಗಿ ಬರ್ರಿ. ಯಾವುದು ಚಲೋ ಅಂತ ಬರೆದು ಕೊಡ್ರಿ. ನೀವು ಹೇಳಿದ್ದ ಇಲ್ಲಿ ಇರತೈತಿ, ಇನ್ನೊಂದು ಪುಣೆಕ್ಕ.”

“ನನಗ ಕಾರಿನ ಗಂಧ ಗಾಳಿ ಗೊತ್ತಿಲ್ಲರಿ ಪಂಪಣ್ಣ,” ಎಂದೆ.

“ಅದಕ್ಕ ನಿಮ್ಮನ್ನ ಕೇಳಾಕತ್ತೀನಿ. ಗೊತ್ತಿದ್ದವರು ಒಂದು ಕಡಿಗೆ ವಾಲತಾರ. ನಮ್ಮ ತಮ್ಮನ ಮಗನ್ನ ಎರಡು ಮಾರ್ಕಿಗೆ ಫೇಲ್ ಮಾಡಿದವರು ನೀವು. ನಾನ ಬಂದು ಕೇಳಿದ್ರೂ ಕೊಡಲಿಲ್ಲ. ನಿಮ್ಮಷ್ಟು ನಂಬಿಗಿ ಯಾರ ಮ್ಯಾಲೂ ಇಲ್ಲ ನನಗ.”

ಇದನ್ನು ಹೊಗಳಿಕೆ ಎಂದು ತೆಗೆದುಕೊಂಡೆ ನೋಡಿ, ಅಲ್ಲೇ ಕೆಟ್ಟೆ. ಕಾಲೇಜಿನಲ್ಲಿ ನನ್ನನ್ನು ಹುಡುಗರು ಅರ್ಧ ಮಾರ್ಕಿನ ಮೇಷ್ಟ್ರು ಅನ್ನುತ್ತಿದ್ದರು. ನದಿಯ ಹೆಸರು ಸರಿಯಿದ್ದು ದಿಕ್ಕು ತಪ್ಪಿದ್ದರೆ ಅರ್ಧ. ನಕ್ಷೆ ಸರಿಯಿದ್ದು ಉತ್ತರದ ಬಾಣ ಮರೆತಿದ್ದರೆ ಅರ್ಧ ಕಡಿತ. ಮೌಲ್ಯಮಾಪನಕ್ಕೆ ಹೋದಾಗ ಉಳಿದವರು ಹತ್ತು ಕಟ್ಟು ಮುಗಿಸಿ ಊಟಕ್ಕೆ ಎದ್ದರೆ ನಾನು ಎರಡನೆಯದರಲ್ಲಿ ಇರುತ್ತಿದ್ದೆ. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು. ಮನೆಗೆ ಬಂದು ಒಂದು ಗೆರೆ ಹಾಳೆ ತೆಗೆದು, ಹತ್ತು ಸಾಲು ಹಾಕಿ, ಒಂದೊಂದಕ್ಕೆ ಹತ್ತು ಅಂಕ ಎಂದು ಬರೆದೆ. ಹೊರಡುವುದು, ಬ್ರೇಕು, ತಿರುವು, ಕೂರುವ ಸುಖ, ಮುಚ್ಚಿಗೆ, ಧೂಳು, ಸದ್ದು, ನೋಟ, ನಮ್ಮ ರಸ್ತೆಗೆ ಹೊಂದಿಕೆ, ಕೆಟ್ಟರೆ ರಿಪೇರಿ. ಒಟ್ಟು ನೂರು. ಪದ್ಮಾ ಅದನ್ನು ನೋಡಿ, “ಹುಲಿಗೆಪ್ಪನ ಮನಸು ಯಾವುದರ ಮ್ಯಾಲ ಐತಿ ಅಂತ ನಿಮಗ ಗೊತ್ತೈತಿ ಹೌದಲ್ಲೋ?” ಎಂದಳು. ಗೊತ್ತು ಅಂದೆ. ಗೊತ್ತಿರುವುದರಿಂದಲೇ ಹೆಚ್ಚು ಎಚ್ಚರವಾಗಿರಬೇಕು ಎಂದೂ ಅಂದೆ. ಅವಳು ಒಳಗೆ ಹೋದಳು.

ಹುಲಿಗೆಪ್ಪ ನನ್ನನ್ನು ಏನೂ ಕೇಳಲಿಲ್ಲ. ಹಾಳೆಯನ್ನು ನೋಡಿ, “ಹತ್ತೂ ಸಾಲು ಚಲೋ ಅದಾವ್ರಿ” ಎಂದ, ಅಷ್ಟೇ.

ಮೊದಲ ಭಾನುವಾರ ದೊಡ್ಡಾಕಿ. ಹೊಸಪೇಟೆಯಿಂದ ಸಂಡೂರು, ಯಶವಂತನಗರ, ಬಂಡ್ರಿ, ಮತ್ತೆ ವಾಪಸ್. ನಾನು ಅಪ್ಪನ ಉತ್ತರೀಯವನ್ನು ನೆನೆದು ಟವೆಲ್ಲನ್ನು ಗದ್ದದ ಕೆಳಗೆ ಭದ್ರವಾಗಿ ಕಟ್ಟಿಕೊಂಡೆ. ದೊಡ್ಡಾಕಿ ಮೊದಲ ಸಲಕ್ಕೆ ಹೊರಡಲಿಲ್ಲ, ಎರಡನೆಯ ಸಲಕ್ಕೂ ಇಲ್ಲ. ಹುಲಿಗೆಪ್ಪ ಚೋಕ್ ಎಳೆದು, ಸ್ವಲ್ಪ ಕಾದು, ಸ್ವಲ್ಪ ಬಿಟ್ಟು, ಅದರ ಗುಣ ಬಲ್ಲವನಂತೆ ಪುಸಲಾಯಿಸಿದ ಮೇಲೆ ಹೊರಟಿತು. ಆರೂವರೆ ಬರೆದೆ. ಸದ್ದು ಮಾತ್ರ ಚೆನ್ನಾಗಿತ್ತು, ತುಂಬಿದ ಗಂಟಲಿನ ಸದ್ದು. ಎಂಟೂವರೆ.

ಸಂಡೂರಿನ ದಾರಿಯ ಚೆಕ್‌ಪೋಸ್ಟಿನಲ್ಲಿ ಕಾವಲಿನವನೊಬ್ಬ ಕೈ ಅಡ್ಡ ಹಿಡಿದ. ಕಾರಿಗೆ ಒಂದು ಸುತ್ತು ಬಂದು, “ತಾಡಪಾಲು ಎಲ್ಲೈತ್ರಿ?” ಎಂದ.

“ಇದು ಕಾರಪ್ಪ,” ಎಂದ ಹುಲಿಗೆಪ್ಪ.

“ಕಾರೋ ಲಾರಿಯೋ ಅದೆಲ್ಲ ನನಗ ಬ್ಯಾಡ್ರಿ. ಮ್ಯಾಲ ತೆರೆದಿದ್ದ ಗಾಡಿ ತಾಡಪಾಲು ಹಾಕಲಾರದ ಬಿಡಬ್ಯಾಡ ಅಂತ ಹೇಳ್ಯಾರ.”

“ಲೇ, ಲೋಡ್ ಎಲ್ಲೈತಿ ಇದರಾಗ?”

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅಷ್ಟರಲ್ಲಿ ನನ್ನ ಟವೆಲ್ಲು, ಕನ್ನಡಕ, ಮೀಸೆ ಎಲ್ಲಾ ಅದಿರಿನ ಬಣ್ಣಕ್ಕೆ ತಿರುಗಿದ್ದವು. “ಮತ್ತ ಇದು?” ಎಂದ.

ವಾದ ಮಾಡಿ ಉಪಯೋಗವಿರಲಿಲ್ಲ. ಇಳಿದು ಮುಚ್ಚಿಗೆ ಕಟ್ಟಲು ನಿಂತೆವು. ಡಿಕ್ಕಿಯಿಂದ ಕಬ್ಬಿಣದ ಕಮಾನು ತೆಗೆದು ಜೋಡಿಸಬೇಕು, ಬಟ್ಟೆ ಎಳೆಯಬೇಕು, ಗುಂಡಿ ಒತ್ತಬೇಕು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಬಿಚ್ಚುತ್ತಿತ್ತು. ಹಿಂದೆ ಲಾರಿಗಳ ಸಾಲು ಬೆಳೆಯಿತು. ಬೈಯಲು ಇಳಿದು ಬಂದ ಡ್ರೈವರುಗಳು ಬಟ್ಟೆ ನೋಡಿ ನಿಂತರು. ಒಬ್ಬ ಮುಟ್ಟಿ ನೋಡಿ, “ಅರೆ, ಇದು ನಮ್ಮ ತಾಡಪಾಲ! ಮಸ್ತ್ ಐತಲ್ರಿ ಹುಲಿಗೆಪ್ಪಣ್ಣ” ಎಂದ. ಆಮೇಲೆ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎಳೆದರು. ಗುಂಡಿ ಸಾಲದ ಕಡೆ ಒಬ್ಬ ತನ್ನ ಲಾರಿಯ ಹಗ್ಗ ತಂದು ಎರಡು ಸುತ್ತು ಬಿಗಿದ. ಕಾವಲಿನವನಿಗೆ ತೃಪ್ತಿಯಾಯಿತು. ಒಳಗೆ ಕುಳಿತರೆ ಕುದಿಯುವ ಕುಕ್ಕರಿನಂತೆ ಸೆಕೆ. ಮುಂದಿನ ತಿರುವಿನಲ್ಲಿ ಎಲ್ಲಾ ಬಿಚ್ಚಿದೆವು.

ಬಂಡ್ರಿ ಹತ್ತಿರ ಮಳೆ ಬಂತು. ಮತ್ತೆ ಕಮಾನು, ಬಟ್ಟೆ, ಗುಂಡಿ. ಕೊನೆಯ ಗುಂಡಿ ಕೂರುವ ಹೊತ್ತಿಗೆ ಮಳೆ ನಿಂತು ಬಿಸಿಲು ಬಿತ್ತು. ಒಳಗೆ ಸೀಟಿನಲ್ಲಿ ನೀರು ನಿಂತಿತ್ತು. ಹುಲಿಗೆಪ್ಪನ ಮುಖ ನೋಡದೆ ಮುಚ್ಚಿಗೆಯ ಮುಂದೆ ಮೂರು ಬರೆದೆ. ಮತ್ತೆಲ್ಲ ಬಿಚ್ಚಿ, ಒದ್ದೆ ಸೀಟಿನ ಮೇಲೆ ಗೋಣಿಚೀಲ ಹಾಸಿಕೊಂಡು ಹಿಂದಿರುಗಿದೆವು.

ಎರಡನೆಯ ಭಾನುವಾರ ಸಣ್ಣಾಕಿ. ಬೆಳಿಗ್ಗೆ ಹೋದಾಗ ಹುಲಿಗೆಪ್ಪ ಅದರ ಏರ್ ಫಿಲ್ಟರು ಬಿಚ್ಚಿ ಧೂಳು ಊದುತ್ತಿದ್ದ. ಗಾಲಿಯ ಗಾಳಿ ಅಳೆದ. ಗಾಜು ಒರೆಸಿದ. ನಾನು ತಮಾಷೆಗೆ, “ಹುಲಿಗೆಪ್ಪ, ನಿನ್ನ ಜಾಗದಾಗ ನಾನಿದ್ದಿದ್ರ ಇವತ್ತ ಒಂದು ವೈರು ಸಡಲ ಬಿಡತಿದ್ದೆ” ಎಂದೆ.

ಅವನು ನಗಲಿಲ್ಲ. “ಎರಡೂ ನನ್ನ ಕೈಯಾಗ ಬಿಟ್ಟಾರ್ರಿ ಸರ. ಈಕಿಗೆ ಮೋಸ ಮಾಡಿ ಆಕಿನ್ನ ಉಳಿಸಿಕೊಂಡ್ರ, ನಾಳೆ ಆಕಿ ಮುಂದ ಹೆಂಗ ನಿಂದರಲಿ?”

ಸಣ್ಣಾಕಿ ಕೀಲಿ ತಿರುವಿದ ಕೂಡಲೇ ಹೊರಟಿತು. ಅದೇ ಚೆಕ್‌ಪೋಸ್ಟು, ಅದೇ ಕಾವಲಿನವನು. ಅವನು ಕೈ ಎತ್ತುವಷ್ಟರಲ್ಲಿ ಹುಲಿಗೆಪ್ಪ ಕೂತಲ್ಲಿಂದಲೇ ಹಿಂದಕ್ಕೆ ಕೈ ಚಾಚಿ ಮುಚ್ಚಿಗೆಯನ್ನು ಮುಂದೆ ಎಳೆದು ಎರಡು ಕ್ಲಿಪ್ಪು ಹಾಕಿಬಿಟ್ಟ. ಕಾವಲಿನವನ ಮುಖ ಬಾಡಿತು, ಅವನಿಗೆ ಹೋದ ವಾರದ ಗದ್ದಲದ ಆಸೆ ಇತ್ತೇನೋ. ಮುಚ್ಚಿಗೆಗೆ ಹತ್ತಕ್ಕೆ ಹತ್ತು. ಬ್ರೇಕು ಮುಟ್ಟಿದರೆ ನಿಲ್ಲುತ್ತಿತ್ತು. ದೊಡ್ಡಾಕಿಗೆ ಮೊದಲೇ ಅರ್ಜಿ ಹಾಕಬೇಕಿತ್ತು. ಅದಕ್ಕೆ ಐದು, ಇದಕ್ಕೆ ಎಂಟು. ಸೀಟು ಮೆತ್ತಗಿತ್ತು. ಆದರೆ ಹೊಟ್ಟೆ ತಗ್ಗು, ಯಶವಂತನಗರದ ಗುಂಡಿಗಳಲ್ಲಿ ಎರಡು ಸಲ ನೆಲಕ್ಕೆ ತಾಗಿತು. ಬಂಡ್ರಿಯ ಇಳಿಜಾರಿನಲ್ಲಿ ನಾನು ಗಡಿಯಾರ ನೋಡಿ, ಹನ್ನೊಂದೂವರೆಗೆ ಊಟಕ್ಕೆ ಮನೆ ಸೇರಬಹುದು ಎಂದು ಲೆಕ್ಕ ಹಾಕಿದೆ.

ಮನೆಯಲ್ಲಿ ಎರಡು ಸಲ ಕೂಡಿಸಿದೆ. ಸಣ್ಣಾಕಿಗೆ ಎಪ್ಪತ್ತು. ದೊಡ್ಡಾಕಿಗೆ ಅರವತ್ತೆಂಟೂವರೆ. ಮೂರನೆಯ ಸಲ ಕೂಡಿಸಿದರೂ ಅಷ್ಟೇ. ಮನಸ್ಸಿಗೆ ಕಸಿವಿಸಿಯಾಯಿತು, ಸುಳ್ಳು ಹೇಳುವುದಿಲ್ಲ. ಎಲ್ಲಾದರೂ ಒಂದೂವರೆ ಅಂಕ ಹುಟ್ಟುತ್ತದೆಯೇ ಎಂದು ಹುಡುಕಿದ್ದೂ ನಿಜ. ಆದರೆ ಆ ಹುಡುಕಾಟವೇ ತಪ್ಪೆನ್ನಿಸಿತು. ಹುಡುಗರಿಗೆ ಕೊಡದ್ದನ್ನು ಕಾರಿಗೆ ಕೊಡಲೇ? ಹಾಳೆಯ ಪ್ರತಿ ತೆಗೆದಿಟ್ಟುಕೊಂಡು ಸಹಿ ಮಾಡಿ ಪಂಪಣ್ಣನವರಿಗೆ ಕೊಟ್ಟೆ. ಅವರು ಒಟ್ಟು ಮೊತ್ತ ನೋಡಿದರು, ಮೇಲಿನದನ್ನು ಓದಲಿಲ್ಲ. “ಭಾಳ ಉಪಕಾರ ಆತ್ರಿ ಮೇಷ್ಟ್ರ. ನಾನಾಗಿದ್ರ ಸಾಯೋತನಕ ಯೋಚನಿ ಮಾಡತಿದ್ದೆ” ಎಂದರು.

ಪುಣೆಯ ಲಾರಿ ಬಂದದ್ದು ಗುರುವಾರ. ದೊಡ್ಡಾಕಿಯನ್ನು ಹಲಗೆಯ ಮೇಲಿಂದ ಹತ್ತಿಸಿದವನು ಹುಲಿಗೆಪ್ಪನೇ, ಬೇರೆಯವರನ್ನು ಮುಟ್ಟಗೊಡಲಿಲ್ಲ. ನಾಲ್ಕು ಗಾಲಿಗೂ ಉರುಳದಂತೆ ಕಟ್ಟಿಗೆ ಕೊಟ್ಟ. ಹೊಸ ತಾಡಪಾಲು ಹೊದಿಸಿ ಹಗ್ಗ ಎಳೆದ. ಆಮೇಲೆ ಪುಣೆಯವರಿಗೆ ಚೋಕ್ ಎಷ್ಟು ಎಳೆಯಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಹೇಳಿದ. ಅವರಿಗೆ ಕನ್ನಡ ಬರುತ್ತಿರಲಿಲ್ಲ, ನಾನು ಹಿಂದಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿ ಹೊರಟುಬಿಟ್ಟರು. ಶಾಂತಮ್ಮನವರು ಅವತ್ತು ತುಳಸಿಗೆ ಹನ್ನೊಂದು ಸುತ್ತು ಹಾಕಿದರು.

ಮುಂದಿನ ಭಾನುವಾರ ಗ್ಯಾರೇಜಿಗೆ ಹೋಗಲು ನನಗೆ ಕಾಲು ಏಳಲಿಲ್ಲ. ಅದರ ಮುಂದಿನ ಭಾನುವಾರ ಹುಲಿಗೆಪ್ಪನೇ ಹೇಳಿ ಕಳಿಸಿದ. ಹೋದರೆ ಅವನು ಒಂದು ಲಾರಿಯ ಗೇರ್ ಬಾಕ್ಸು ಹರವಿಕೊಂಡು ಕೂತಿದ್ದ. ಕೈ ಒರೆಸಿಕೊಂಡು, ನನಗೆ ಟೈರು ಸರಿಸಿ, “ಕುಂದ್ರಿ ಸರ. ಆ ಹಾಳಿ ನಿಮ್ಮ ಹಂತ್ಯಾಕ ಐತೇನ್ರಿ? ಒಂಚೂರು ಓದಿ ಹೇಳ್ರಿ. ಎಲ್ಲೆಲ್ಲಿ ಕಡಿಮಿ ಬಿದ್ದೈತಿ ಅಂತ ಗೊತ್ತಾಗಬೇಕು ನನಗ, ತಿದ್ದಿಕೊಳ್ಳಾಕ” ಎಂದ.

ಪ್ರತಿ ನನ್ನ ಜೇಬಿನಲ್ಲೇ ಇತ್ತು. ಓದಿದೆ. ಮೊದಲು ಕೈಪಿಡಿ ಓದುತ್ತಿದ್ದಂತೆಯೇ, ಒಂದೊಂದೇ ಸಾಲು. ಹೊರಡುವುದು, ಆರೂವರೆ. “ಖರೆ,” ಎಂದ. ಬ್ರೇಕು, ಐದು. “ನಾಕು ಕೊಡಬೇಕಿತ್ರಿ, ಹಿಂದಿನ ಡ್ರಮ್ಮು ಬರೋಬ್ಬರಿ ಇರಲಿಲ್ಲ.” ಮುಚ್ಚಿಗೆ, ಮೂರು. ಧೂಳು, ದೊಡ್ಡಾಕಿಗೆ ನಾಲ್ಕು, ಸಣ್ಣಾಕಿಗೆ ನಾಲ್ಕೂವರೆ.

“ಧೂಳು ಇಬ್ಬರಿಗೂ ಒಂದ ಅಲ್ಲೇನ್ರಿ?”

“ಕೆಂಪು ಬಣ್ಣದ ಮ್ಯಾಲ ಕಾಣೂದಿಲ್ಲಲ್ಲ, ಅದಕ್ಕ ಅರ್ಧ,” ಎಂದೆ. ಅವನು ಮೊದಲ ಸಲ ನಕ್ಕ. ನನಗೆ ನಗು ಬರಲಿಲ್ಲ. ರಿಪೇರಿ, ದೊಡ್ಡಾಕಿಗೆ ಹತ್ತು, ಸಣ್ಣಾಕಿಗೆ ಮೂರು ಎಂದು ಓದುವಾಗ ನನ್ನ ದನಿ ಸ್ವಲ್ಪ ಏರಿತು. ಒಟ್ಟು ಓದಿ ಮುಗಿಸಿದೆ.

ಹುಲಿಗೆಪ್ಪ ಗೇರ್ ಬಾಕ್ಸಿನ ಒಂದು ಹಲ್ಲುಚಕ್ರ ಎತ್ತಿ ಒರೆಸಿ ಬದಿಗಿಟ್ಟ. ಆಮೇಲೆ ಯಾವ ಸಿಟ್ಟೂ ಇಲ್ಲದೆ, ಪಾಠ ಕೇಳಿದವನು ಅನುಮಾನ ಕೇಳುವ ಹಾಗೆ, “ಸರ, ಅವತ್ತ ಮಳಿ ನಿಂತ ಮ್ಯಾಲ, ಬಂಡ್ರಿ ಇಳಿಜಾರಿನ್ಯಾಗ ನೀವು ಎದ್ದು ನಿಂತು ಕೂಗಿದ್ರಲ್ಲ, ಅದು ಯಾವ ಸಾಲಿನ್ಯಾಗ ಐತ್ರಿ?” ಎಂದ.

ಅದನ್ನು ನಿಮಗೂ ಹೇಳಿರಲಿಲ್ಲ. ಮಳೆಯಿಂದ ಧೂಳು ಅಡಗಿತ್ತು. ವರ್ಷಗಳಿಂದ ಕೆಂಪಾಗಿದ್ದ ಮರಗಳು ಹಸಿರಾಗಿ ನಿಂತಿದ್ದವು. ದೊಡ್ಡಾಕಿ ಇಳಿಜಾರಿಗೆ ಬಿದ್ದು ಗಂಟಲು ತೆರೆದಾಗ ನಾನು ಗಾಜಿನ ಚೌಕಟ್ಟು ಹಿಡಿದು ಎದ್ದು ನಿಂತೆ. ಟವೆಲ್ಲು ಹಾರಿದರೆ ಹಾರಲಿ ಎಂದು ಗಂಟು ಬಿಚ್ಚಿ, ಐವತ್ತು ದಾಟಿದ ಭೂಗೋಳದ ಮೇಷ್ಟ್ರು, ಅರ್ಥವಿಲ್ಲದ ಏನೋ ಒಂದನ್ನು ಬಾಯಿ ತುಂಬ ಕೂಗಿದೆ. ಹಾಗೆ ಕೂಗಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಆಮೇಲೆ ನಾಚಿಕೆಯಾಗಿ ಕೂತುಬಿಟ್ಟೆ. ಮನೆಗೆ ಬಂದು ಹಾಳೆ ತುಂಬುವಾಗ ಅದು ನೆನಪಿನಲ್ಲಿತ್ತು. ನಿಷ್ಪಕ್ಷಪಾತಿಗೆ ಹೇಳುವ ಮಾತಲ್ಲ ಎಂದು ಬಿಟ್ಟೆ.

“ಅದು ಯಾವ ಸಾಲಿನ್ಯಾಗೂ ಇಲ್ಲ ಹುಲಿಗೆಪ್ಪ,” ಎಂದೆ. ನನಗೆ ಬಹಳ ಸಂಕಟವಾಯಿತು. “ಹತ್ತ ಸಾಲು ಹಾಕಿದ್ದೆ.”

ಅವನು ನನ್ನ ಕೈಯಿಂದ ಹಾಳೆ ತೆಗೆದುಕೊಂಡ. ಎಣ್ಣೆಯ ಬೆರಳಿನಿಂದ ಹತ್ತನೆಯ ಸಾಲಿನ ಕೆಳಗಿನ ಖಾಲಿ ಗೆರೆಗಳನ್ನು ಮುಟ್ಟಿ ತೋರಿಸಿದ.

“ಇಲ್ಲಿ ಜಾಗ ಇತ್ತಲ್ರಿ ಸರ,” ಎಂದ.